ಕಾದ ಹನ್ನೆರಡು ನಿಮಿಷ ಎಲ್ಲಿ ಹೋಯ್ತು?

ಫೋನಿನ ಜಿಪಿಎಸ್ ಐದು ಸೆಕೆಂಡಿಗೊಮ್ಮೆ ಒಂದು ಬಿಂದು ಬರೆದಿಟ್ಟರೆ ಗಂಟೆಗೆ 720 ಬಿಂದು. ಅಷ್ಟನ್ನೂ ಹೊತ್ಕೊಂಡು ತಿರುಗೋಕಾಗಲ್ಲ ಅಂತ ನಾವು ‘ಆರ್’ ತಂತ್ರಾಂಶದಲ್ಲಿ ಎಸ್‌ಎಫ್ ಪ್ಯಾಕೇಜು ಹಾಕ್ಕೊಂಡು, ಅಕ್ಷಾಂಶ-ರೇಖಾಂಶಗಳನ್ನ ಮೀಟರಿನ ಲೆಕ್ಕಕ್ಕೆ ತಂದು, ಸಿಂಪ್ಲಿಫೈ ಕಮ್ಯಾಂಡ್ ಓಡಿಸ್ತೇವೆ. ದಾರಿ ಕೆಲವೇ ನೇರ ತುಂಡುಗಳಾಗುತ್ತೆ, ಮ್ಯಾಪು ಚೆಂದ ಕಾಣುತ್ತೆ. ನನ್ನ ತಕರಾರು ಆ ಚೆಂದದ ಬಗ್ಗೇನೇ.

ಇದರ ಹಿಂದಿರೋದು 1973ರಲ್ಲಿ ಡಗ್ಲಾಸ್ ಮತ್ತು ಪ್ಯೂಕರ್ ಪ್ರಕಟಿಸಿದ ಉಪಾಯ. ಗೆರೆಯ ಎರಡು ತುದಿಗೆ ದಾರ ಕಟ್ಟಿ ಎಳೆಯಿರಿ. ದಾರದಿಂದ ಅತಿ ದೂರದ ಬಿಂದು ನೀವು ಕೊಟ್ಟ ಮಿತಿ, ಅಂದ್ರೆ 20 ಮೀಟರ್ ಅಂತಿಟ್ಕೊಳ್ಳಿ, ದಾಟಿದ್ರೆ ಅದನ್ನ ಉಳಿಸಿ, ಅಲ್ಲಿಂದ ಎರಡೂ ಕಡೆ ಮತ್ತೆ ದಾರ. ದಾಟದಿದ್ರೆ ನಡುವಿನದೆಲ್ಲ ಕಸ. ನಕ್ಷೆಯ ಗೆರೆಗಳಿಗೆ ಇದು ಸೊಗಸಾದ ಕೆಲಸ. ಆದರೆ ನದಿ ದಡಕ್ಕೆ ಗಡಿಯಾರ ಇಲ್ಲ.

ಹೊಸೂರು ರಸ್ತೆಯಲ್ಲಿ ಊಟ ತಲುಪಿಸೋ ಹುಡುಗನೊಬ್ಬ ಹೋಟೆಲ್ ಮುಂದೆ ಪಾರ್ಸಲ್‌ಗೆ 12 ನಿಮಿಷ ಕಾದ ಅನ್ನಿ. 144 ಬಿಂದುಗಳು ಅಲ್ಲೇ ಗುಡ್ಡೆ ಬೀಳ್ತವೆ. ರಸ್ತೆ ನೇರ, ಹೋಟೆಲ್ ಪಕ್ಕದಲ್ಲೇ, ಎಲ್ಲಾ 20 ಮೀಟರಿನೊಳಗೆ. ಕಮ್ಯಾಂಡ್ ಓಡಿತು, ಎಲ್ಲಾ ಹೋಯ್ತು! ಗೆರೆಯಲ್ಲಿ ಅವನು ನಿಲ್ಲದೆ ಹಾರಿಹೋದವನು. ಈ ಗೆರೆ ನೋಡಿ ಯಾರಾದರೂ ಅವನ ಸಂಬಳ ಲೆಕ್ಕ ಹಾಕಿದರೆ? ಕಾಯೋದೂ ಅವನ ಕೆಲಸವೇ ತಾನೆ?

ಹಾಗಂತ ಇದನ್ನ ಎಸೆಯಬೇಕಿಲ್ಲ. ನಿಂತ ಫೋನೂ ಜಿಪಿಎಸ್ ಅಲುಗಾಟದಿಂದ ಸುಳ್ಳು ದೂರ ಓಡಿರುತ್ತೆ, ಅದನ್ನ ಇದು ಅಳಿಸುತ್ತೆ. ಸರಿ. ಆದರೆ ಸರಳ ಮಾಡಿದ ಗೆರೆ ಮೂಲದಕ್ಕಿಂತ ಎಂದೂ ಉದ್ದ ಆಗಲ್ಲ. ಘಾಟಿ ರಸ್ತೆಯ ತಿರುವಿನಲ್ಲಿ ನಿಜವಾಗಿ ಓಡಿದ ದೂರವನ್ನೂ ಕತ್ತರಿಸುತ್ತೆ. ಕಿಲೋಮೀಟರಿಗಿಷ್ಟು ಅಂತ ಪೆಟ್ರೋಲ್ ದುಡ್ಡು ಪಡೆಯುವವರು ಇದನ್ನ ಕೇಳಿಸ್ಕೊಳ್ಳಬೇಕು.

ದಾರಿ ಇಲ್ಲ ಅಂತಲ್ಲ. 2004ರಲ್ಲೇ ಮೆರಾತ್ನಿಯಾ ಮತ್ತು ದೆ ಬಿ ಎಂಬಿಬ್ಬರು ಕಾಲವನ್ನೂ ಲೆಕ್ಕಕ್ಕೆ ತಂದರು: ಒಂದೇ ವೇಗದಲ್ಲಿ ಹೋಗಿದ್ರೆ ಈ ಹೊತ್ತಿಗೆ ಎಲ್ಲಿರಬೇಕಿತ್ತು, ನಿಜವಾಗಿ ಎಲ್ಲಿದ್ದ? ಆ ಅಂತರ ಮಿತಿ ಮೀರಿದರೆ ಬಿಂದು ಉಳಿಯುತ್ತೆ. ನಮ್ಮ ಹುಡುಗನ ಕಾಯುವಿಕೆ ಇಲ್ಲಿ ಬಚಾವಾಗುತ್ತೆ. ‘ಆರ್’ನಲ್ಲೇ ಕ್ಲೆಮೆಂಟ್ ಕಲಾಂಜ್ ಬರೆದ ಅಡೆಹ್ಯಾಬಿಟಾಟ್‌ಎಲ್‌ಟಿ ಪ್ಯಾಕೇಜಿದೆ, ಕಾಡುಪ್ರಾಣಿಗಳ ಓಡಾಟ ಅಧ್ಯಯನ ಮಾಡುವವರಿಗಾಗಿ. ನಡಿಗೆಯ ರೀತಿ ಎಲ್ಲಿ ಬದಲಾಯ್ತೋ ಅಲ್ಲೇ ತುಂಡು ಮಾಡುವ ಲವಿಯೆಲ್ ವಿಧಾನ ಅದರಲ್ಲಿದೆ. ಪ್ರಾಣಿ ನಿಂತಿತು ಅಂದ್ರೆ ಮೇಯ್ತಿರಬಹುದು, ಮಲಗಿರಬಹುದು, ಅದೂ ಮಾಹಿತಿ ಅಂತ ಅವರಿಗೆ ಗೊತ್ತು. ಮನುಷ್ಯರ ವಿಷಯಕ್ಕೆ ಬಂದಾಗ ಮಾತ್ರ ನಮಗೆ ಬರೀ ರೂಟು ಸಾಕು!

ಆಫೀಸಲ್ಲಿ ಇಂಥ ರಿಪೋರ್ಟ್ ಮಾಡುವವರು ನೀವಾಗಿದ್ದರೆ, ಮೊದಲು ನಿಂತ ಜಾಗಗಳನ್ನ ಸಮಯದ ಸಮೇತ ಬೇರೆ ತೆಗೆದಿಟ್ಕೊಳ್ಳಿ. ಆಮೇಲೆ ಉಳಿದ ಓಟವನ್ನ ಎಷ್ಟು ಬೇಕಾದ್ರೂ ನೇರ ಮಾಡಿ.