ಕೆಳಗಿಳಿದವರ ಲೆಕ್ಕ

ಬೆಂಗಳೂರಿನಿಂದ ಮಾರಿಕುಪ್ಪಂಗೆ ಹೋಗುವ ಸಂಜೆಯ ರೈಲು ಬಂಗಾರಪೇಟೆಯಲ್ಲಿ ಮುಖ್ಯ ಮಾರ್ಗ ಬಿಟ್ಟು ಕೆಜಿಎಫ್ ಕಡೆಯ ಕವಲು ಹಳಿಗೆ ತಿರುಗುತ್ತದೆ. ಅಲ್ಲಿ ಗಾಡಿ ನಿಂತಿದ್ದಾಗ ಫೋನು ಬಂತು. ರಾಬರ್ಟ್‌ಸನ್‌ಪೇಟೆಯ ಒಂದು ಶಿಕ್ಷಣ ಸಂಸ್ಥೆಯ ಮೇಲ್ ಸರ್ವರ್ ನೋಡಿಕೊಳ್ಳುವ ಹುಡುಗ.

"ಅಣ್ಣಾ, ಕ್ಯೂನಲ್ಲಿ ಮೂರು ಸಾವಿರದ ಮೇಲೆ ಮೇಲ್ ಕೂತವೆ. ಬೆಳಗ್ಗೆಯಿಂದ ಫ್ಲಶ್ ಹೊಡೀತಾನೇ ಇದೀನಿ, ಕರಗ್ತಾ ಇಲ್ಲ. ಎಲ್ಲಾ ಅಳಿಸಿಬಿಡ್ಲಾ?"

"ಬೇಡ ಕಣಪ್ಪಾ. ಯಾಕೆ ನಿಂತವೆ ಅಂತ ಓದಿದೀಯಾ?"

"ಓದೋದೇನಿದೆ ಅಣ್ಣಾ? ಕ್ಯೂ ಕ್ಲಿಯರ್ ಆಗ್ಬೇಕು, ಅಷ್ಟೇ."

ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ಹೇಳಿಕೊಟ್ಟಿದ್ದೇ ಹಾಗೆ. ಕ್ಯೂ ಖಾಲಿಯಿದ್ದರೆ ಸರ್ವರ್ ಆರೋಗ್ಯವಾಗಿದೆ, ತುಂಬಿದರೆ ಕಾಯಿಲೆ ಬಿದ್ದಿದೆ. ಮೊದಲ ಮದ್ದು ಫ್ಲಶ್, ಅದಕ್ಕೂ ಬಗ್ಗದಿದ್ದರೆ ಡಿಲೀಟ್. ತರಬೇತಿ ಕೊಡುವವರೂ, ಹಿರಿಯ ಸಹೋದ್ಯೋಗಿಗಳೂ ಇದನ್ನೇ ಹೇಳುತ್ತ ಬಂದಿದ್ದಾರೆ. ಇದು ಬುಡದಿಂದಲೇ ತಪ್ಪು ಎಂಬುದು ನನ್ನ ವಾದ. ಈ ತಪ್ಪಿನ ನಷ್ಟ ಸರ್ವರ್ ಮುಂದೆ ಕೂತವನಿಗೆ ತಟ್ಟುವುದಿಲ್ಲ. ಬರಬೇಕಾದ ಪತ್ರಕ್ಕೆ ಕಾಯುತ್ತಿರುವ ಯಾರೋ ಅದನ್ನು ಅನುಭವಿಸುತ್ತಾರೆ.

ಕ್ಯೂ ಎಂದರೇನು ಎನ್ನುವಲ್ಲಿಂದಲೇ ಶುರು ಮಾಡಬೇಕು. ಇಮೇಲ್ ಸಾಗಿಸುವ ಎಸ್‌ಎಂಟಿಪಿ ನಿಯಮಗಳನ್ನು ಜಾನ್ ಪೋಸ್ಟೆಲ್ 1982ರಲ್ಲಿ ಬರೆದಿಟ್ಟರು. 2008ರಲ್ಲಿ ಅವು ಪರಿಷ್ಕರಣೆಗೊಂಡವು. ಪತ್ರವೊಂದನ್ನು ಪೂರ್ತಿ ತೆಗೆದುಕೊಂಡ ಸರ್ವರ್ ಕಳಿಸಿದವರಿಗೆ 250 ಎಂಬ ಅಂಕಿಯ ಉತ್ತರ ಕೊಡುತ್ತದೆ. ಅದು ಅಂಚೆ ಕಚೇರಿಯ ಕೌಂಟರಿನಲ್ಲಿ ಕೊಡುವ ರಸೀದಿಯಂತೆ. ರಸೀದಿ ಕೊಟ್ಟ ಕ್ಷಣದಿಂದ ಪತ್ರದ ಹೊಣೆ ಸರ್ವರ್‌ನದು: ತಲುಪಿಸಬೇಕು, ಇಲ್ಲವೇ ತಲುಪಲಿಲ್ಲವೆಂದು ಕಳಿಸಿದವರಿಗೆ ತಿಳಿಸಬೇಕು. ಕ್ಷುಲ್ಲಕ ಕಾರಣಕ್ಕೆ ಪತ್ರ ಕಳೆದುಹೋಗಕೂಡದು ಎಂದು ನಿಯಮ ಸ್ಪಷ್ಟವಾಗಿಯೇ ಹೇಳುತ್ತದೆ. ಯಂತ್ರ ಕೆಟ್ಟು ನಿಂತಿತು ಎಂಬುದನ್ನೂ ಅದು ಕ್ಷುಲ್ಲಕ ಕಾರಣಗಳಲ್ಲೇ ಸೇರಿಸುತ್ತದೆ. ಹಾಗೆ ರಸೀದಿ ಕೊಟ್ಟು ಇನ್ನೂ ತಲುಪಿಸಲಾಗದ ಪತ್ರಗಳ ಪಟ್ಟಿಯೇ ಕ್ಯೂ.

ಕೆಜಿಎಫ್‌ನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜಾನ್ ಟೇಲರ್ ಕಂಪನಿ 1880ರಲ್ಲಿ ಇಲ್ಲಿಗೆ ಕಾಲಿಟ್ಟಲ್ಲಿಂದ 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕುವವರೆಗೆ ಈ ಊರಿನ ಗಂಡಸರು ಪಾಳಿ ಪಾಳಿಯಾಗಿ ನೆಲದೊಳಕ್ಕೆ ಇಳಿದರು. ಚಾಂಪಿಯನ್ ರೀಫ್ ಗಣಿಯ ಆಳ ಮೂರು ಕಿಲೋಮೀಟರಿಗೂ ಹೆಚ್ಚು. ಯಾವ ಕ್ಷಣದಲ್ಲಿ ಕೇಳಿದರೂ ಆಗ ನೆಲದಡಿ ಯಾರ್ಯಾರಿದ್ದಾರೆ ಎಂದು ಹೇಳುವ ರಿಜಿಸ್ಟರು ಇರಲೇಬೇಕೆಂದು 1952ರ ಗಣಿ ಕಾಯ್ದೆ ವಿಧಿಸಿತ್ತು. ಇಳಿದವರ ಲೆಕ್ಕ, ಹತ್ತಿದವರ ಲೆಕ್ಕ ತಾಳೆಯಾಗದಿದ್ದರೆ ಯಾರೋ ಇನ್ನೂ ಕೆಳಗಿದ್ದಾರೆಂದು ಅರ್ಥ. ತಾಳೆಯಾಗಲಿಲ್ಲವೆಂದು ರಿಜಿಸ್ಟರು ಹರಿದು ಹಾಕುವ ಗುಮಾಸ್ತನನ್ನು ಊಹಿಸಿಕೊಳ್ಳಿ. ಕ್ಯೂ ತುಂಬಿತೆಂದು ಎಲ್ಲವನ್ನೂ ಅಳಿಸುವವನು ಮಾಡುವುದು ಅದೇ ಕೆಲಸ.

ಇನ್ನೊಂದು ವಿಷಯ ಮರೆತುಹೋಗಿದೆ. ನಮ್ಮ ದೇಶದಲ್ಲಿ ಇಮೇಲ್ ಹುಟ್ಟಿದ್ದೇ ಕ್ಯೂನಲ್ಲಿ. 1986ರಲ್ಲಿ ಆರಂಭವಾದ ಎರ್ನೆಟ್ ಯೋಜನೆಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಇತ್ತು. ಆಗಿನ ಸಂಪರ್ಕ ಡಯಲ್‌ಅಪ್. ಮುಂದಿನ ಕರೆ ಸಿಗುವವರೆಗೆ ಪತ್ರ ಡಿಸ್ಕಿನಲ್ಲಿ ಕಾಯಬೇಕಿತ್ತು, ಆ ಕಾಯುವಿಕೆಯನ್ನು ದೋಷವೆಂದು ಯಾರೂ ಕರೆಯಲಿಲ್ಲ. ಕೂಡಲೇ ಹೋಗದ ಪತ್ರ ಕೆಟ್ಟ ಪತ್ರವೆಂಬ ಭಾವನೆ ವೇಗದ ಸಂಪರ್ಕ ಬಂದ ಮೇಲಿನದು.

ಈಗ ಫ್ಲಶ್ ವಿಷಯಕ್ಕೆ ಬರೋಣ. ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವ ಪೋಸ್ಟ್‌ಫಿಕ್ಸ್ ಅನ್ನೇ ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. ವೀಟ್ಸೆ ವೆನೆಮಾ ಐಬಿಎಂ ಸಂಶೋಧನಾಲಯದಲ್ಲಿದ್ದಾಗ ಬರೆದು 1998ರಲ್ಲಿ ಬಿಡುಗಡೆ ಮಾಡಿದ ತಂತ್ರಾಂಶ ಅದು. ಆಚೆ ಕಡೆಯ ಸರ್ವರ್ 4ರಿಂದ ಶುರುವಾಗುವ ಅಂಕಿ ಹೇಳಿದರೆ 'ಈಗ ಬೇಡ, ಆಮೇಲೆ ಬಾ' ಎಂದರ್ಥ. 5ರಿಂದ ಶುರುವಾದರೆ 'ಬರಲೇಬೇಡ'. 4 ಕೇಳಿದ ಪತ್ರವನ್ನು ಪೋಸ್ಟ್‌ಫಿಕ್ಸ್ ಡಿಫರ್ಡ್ ಎಂಬ ಕ್ಯೂಗೆ ಸರಿಸಿ, ಪತ್ರ ಹಳತಾದಷ್ಟೂ ಪ್ರಯತ್ನಗಳ ನಡುವಿನ ಅಂತರ ಹೆಚ್ಚಿಸುತ್ತ ಹೋಗುತ್ತದೆ. ಬದಲಾಯಿಸದಿದ್ದರೆ ಕನಿಷ್ಠ 300 ಸೆಕೆಂಡು, ಗರಿಷ್ಠ 4,000 ಸೆಕೆಂಡು, ಅಂದರೆ ಒಂದು ಗಂಟೆಯ ಮೇಲೆ ಆರೇಳು ನಿಮಿಷ. ಹೀಗೆ ಐದು ದಿನ ಪ್ರಯತ್ನಿಸಿ, ಆಮೇಲೂ ಆಗದಿದ್ದರೆ ಕಳಿಸಿದವರಿಗೆ ಹಿಂದಿರುಗಿಸುತ್ತದೆ. ಈ ತಾಳ್ಮೆಯ ಹಿಂದೆ ಲೆಕ್ಕಾಚಾರವಿದೆ. ಹೊಸಬರ ಪತ್ರವನ್ನು ಮೊದಲ ಸಲ ಬೇಕೆಂದೇ ಹಿಂದಕ್ಕೆ ಕಳಿಸಿ, ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಬಂದರೆ ಮಾತ್ರ ಒಳಗೆ ಬಿಡುವ ಗ್ರೇಲಿಸ್ಟಿಂಗ್ ಪದ್ಧತಿ 2003ರಿಂದ ಚಾಲ್ತಿಯಲ್ಲಿದೆ. ಅಲ್ಲಿ ಕಾಯುವುದೇ ಪರೀಕ್ಷೆ.

ಫ್ಲಶ್ ಮಾಡಲು 'ಪೋಸ್ಟ್‌ಕ್ಯೂ ಮೈನಸ್ ಎಫ್' ಎಂದು ಒತ್ತಿದಾಗ ಈ ಲೆಕ್ಕಾಚಾರವೆಲ್ಲ ಪಕ್ಕಕ್ಕೆ ಸರಿಯುತ್ತದೆ. ನಿಂತಿದ್ದ ಅಷ್ಟೂ ಪತ್ರಗಳು ಒಮ್ಮೆಗೇ ಮುಂದಕ್ಕೆ ನುಗ್ಗಿ, ಈಗಷ್ಟೇ ಬಂದ ಒಳ್ಳೆಯ ಪತ್ರಗಳ ದಾರಿಗೂ ಅಡ್ಡ ನಿಲ್ಲುತ್ತವೆ. ತಲುಪಿಸಲಾಗದ ಪತ್ರಗಳನ್ನು ಪದೇಪದೇ ಫ್ಲಶ್ ಮಾಡಿದರೆ ಉಳಿದ ಪತ್ರಗಳೂ ನಿಧಾನವಾಗುತ್ತವೆ ಎಂದು ಪೋಸ್ಟ್‌ಫಿಕ್ಸ್‌ನ ಕೈಪಿಡಿಯೇ ಎಚ್ಚರಿಸುತ್ತದೆ. 'ಆಮೇಲೆ ಬಾ' ಎಂದವರ ಮನೆ ಬಾಗಿಲನ್ನು ಐದೈದು ನಿಮಿಷಕ್ಕೆ ಬಡಿದರೆ ಅವರ ಅನುಮಾನ ಹೆಚ್ಚುವುದೂ ಸಹಜ. ಫ್ಲಶ್‌ಗೆ ಜಾಗವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ನಮ್ಮ ಡಿಎನ್‌ಎಸ್ ಕೆಟ್ಟಿತ್ತು, ಸರಿಪಡಿಸಿದೆವು, ಈಗ ಹೋಗಲಿ ಎಂದಾಗ ಒಂದು ಸಲ ಒತ್ತಬಹುದು. ಒಂದೇ ಪತ್ರಕ್ಕೆ ಬೇಕಿದ್ದರೆ 'ಮೈನಸ್ ಐ' ಎಂದು ಅದರ ಕ್ಯೂ ಸಂಖ್ಯೆ ಕೊಡಬಹುದು. ಕಾರಣ ನಿವಾರಣೆಯಾದ ಮೇಲಿನ ಕೆಲಸ ಫ್ಲಶ್. ಅದು ಕಾರಣವನ್ನು ನಿವಾರಿಸುವುದಿಲ್ಲ.

ಕಾರಣ ತಿಳಿಯಲು ಮಾಡಬೇಕಾದದ್ದು ತೀರ ಸರಳ. 'ಮೇಲ್‌ಕ್ಯೂ' ಎಂದು ಬರೆದು ಎಂಟರ್ ಒತ್ತಬೇಕು. ಪ್ರತಿ ಪತ್ರದ ಸಂಖ್ಯೆ, ಗಾತ್ರ, ಬಂದ ಹೊತ್ತು, ಕಳಿಸಿದವರು, ಪಡೆಯಬೇಕಾದವರು ಎಲ್ಲವೂ ಕಾಣುತ್ತದೆ. ಸಂಖ್ಯೆಯ ಪಕ್ಕ ನಕ್ಷತ್ರವಿದ್ದರೆ ಆ ಪತ್ರ ಈಗ ಸಾಗುತ್ತಿದೆ, ಆಶ್ಚರ್ಯಸೂಚಕವಿದ್ದರೆ ತಡೆಹಿಡಿದಿದ್ದಾರೆ. ನಿಂತ ಪತ್ರದ ಕೆಳಗೆ, ಆವರಣ ಚಿಹ್ನೆಯೊಳಗೆ, ಆಚೆ ಕಡೆಯ ಸರ್ವರ್ ಹೇಳಿದ ಮಾತು ಅಕ್ಷರಶಃ ಇರುತ್ತದೆ. ಆ ಒಂದು ಸಾಲನ್ನು ಓದದೆ ಕ್ಯೂಗೆ ಕೈ ಹಾಕಬಾರದು. ಸಾವಿರಾರು ಪತ್ರಗಳಿದ್ದರೆ 'ಕ್ಯೂಶೇಪ್' ಇದೆ: ಯಾವ ಡೊಮೈನ್‌ಗೆ ಹೋಗಬೇಕಾದವು ಎಷ್ಟು, ಐದು ನಿಮಿಷದಿಂದ ಹಿಡಿದು 1,280 ನಿಮಿಷ ದಾಟಿ ನಿಂತವು ಎಷ್ಟೆಷ್ಟು ಎಂದು ಕೋಷ್ಟಕ ಹಾಕಿ ತೋರಿಸುತ್ತದೆ. ವೆಬ್ ಪ್ಯಾನೆಲ್ ಸುರಕ್ಷಿತ, ಕಮಾಂಡ್ ಲೈನ್ ಅಪಾಯ ಎನ್ನುವವರಿದ್ದಾರೆ. ನಾನು ಕಂಡ ಪ್ಯಾನೆಲ್‌ಗಳು ಕಣ್ಣಿಗೆ ಮೊದಲು ತೋರಿಸುವುದು ಒಂದು ದೊಡ್ಡ ಸಂಖ್ಯೆ, ಪಕ್ಕದಲ್ಲಿ ಅಳಿಸುವ ಬಟನ್. ಕಾರಣ ನೋಡಲು ಎರಡು ಮೂರು ಕಡೆ ಕ್ಲಿಕ್ ಮಾಡಬೇಕು. ಅಳಿಸುವುದು ಓದುವುದಕ್ಕಿಂತ ಸುಲಭವಾಗಿರುವ ಸಲಕರಣೆಯನ್ನು ಸುರಕ್ಷಿತ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಆ ಸಂಜೆ ರೈಲು ಬಂಗಾರಪೇಟೆ ಬಿಡುವ ಮೊದಲೇ ಹುಡುಗ ಮೇಲ್‌ಕ್ಯೂ ಹಾಕಿ ನೋಡಿದ. ಮೂರು ಸಾವಿರದಲ್ಲಿ ಬಹುಪಾಲು ಒಂದೇ ವಿಳಾಸದಿಂದ ಹೊರಟದ್ದು. ಕಚೇರಿಯ ಒಬ್ಬರ ಪಾಸ್‌ವರ್ಡ್ ಯಾರದೋ ಕೈಗೆ ಸಿಕ್ಕಿ, ಆ ಖಾತೆಯಿಂದ ಲಾಟರಿಯ ಸುಳ್ಳು ಪತ್ರಗಳು ಹರಿಯುತ್ತಿದ್ದವು. ಅವನು ಬೆಳಗ್ಗೆಯಿಂದ ಹೊಡೆದ ಫ್ಲಶ್ಷೆಲ್ಲ ಆ ಕಳ್ಳ ಪತ್ರಗಳನ್ನು ಇನ್ನಷ್ಟು ಜೋರಾಗಿ ಹೊರಗೆ ತಳ್ಳಿತ್ತು. ಅದನ್ನು ಕಂಡ ದೊಡ್ಡ ಮೇಲ್ ಸೇವೆಯೊಂದು ಈ ಸರ್ವರ್‌ನಿಂದ ಬರುವುದಕ್ಕೆಲ್ಲ 'ಆಮೇಲೆ ಬಾ' ಎನ್ನತೊಡಗಿತ್ತು. ಹಾಗೆ ಸಿಕ್ಕಿಬಿದ್ದವುಗಳ ನಡುವೆ ಸಂಸ್ಥೆಯದೇ ಇನ್ನೂರಕ್ಕೂ ಹೆಚ್ಚು ನಿಜವಾದ ಪತ್ರಗಳಿದ್ದವು: ಶುಲ್ಕದ ರಸೀದಿ, ಪ್ರವೇಶದ ಮಾಹಿತಿ, ಹಳೆಯ ವಿದ್ಯಾರ್ಥಿಗಳಿಗೆ ಬರೆದ ಉತ್ತರ. ಎಲ್ಲವನ್ನೂ ಅಳಿಸಿದ್ದರೆ ಅವೂ ಹೋಗುತ್ತಿದ್ದವು, ಹೋದದ್ದು ಯಾರಿಗೂ ತಿಳಿಯುತ್ತಲೂ ಇರಲಿಲ್ಲ.

ಇಲ್ಲಿ ಎದುರು ವಾದಿಗಳ ಗಟ್ಟಿ ಮಾತೊಂದಿದೆ. ಸ್ಪ್ಯಾಮ್ ಹರಿಯುವಾಗ ಓದುತ್ತ ಕೂರಲು ಪುರುಸೊತ್ತೆಲ್ಲಿ, ನಿಮಿಷ ನಿಮಿಷಕ್ಕೂ ಸರ್ವರ್‌ನ ಹೆಸರು ಕೆಡುತ್ತಿರುತ್ತದೆ ಎನ್ನುತ್ತಾರೆ. ತುರ್ತು ಇರುವುದು ನಿಜ, ಒಪ್ಪುತ್ತೇನೆ. ಆದರೆ ತುರ್ತಿಗೆ ಬೇಕಾದದ್ದು ನಿಲ್ಲಿಸುವುದು. ಆ ಖಾತೆ ಮುಚ್ಚಿ 'ಪೋಸ್ಟ್‌ಸೂಪರ್ ಮೈನಸ್ ಎಚ್ ಆಲ್' ಎಂದರೆ ಸಾಗುತ್ತಿರುವವೂ ನಿಂತಿರುವವೂ ಹೋಲ್ಡ್ ಕ್ಯೂಗೆ ಹೋಗುತ್ತವೆ, ಒಂದೂ ಹೊರಗೆ ಹೋಗುವುದಿಲ್ಲ, ಒಂದೂ ಕಳೆಯುವುದಿಲ್ಲ. ಆಮೇಲೆ ಓದಲು ಹೊತ್ತು ಸಿಗುತ್ತದೆ. ಕಳ್ಳ ಖಾತೆಯ ಪತ್ರಗಳ ಸಂಖ್ಯೆಗಳನ್ನಷ್ಟೇ ಆರಿಸಿ ಅಳಿಸಿ, ಉಳಿದವನ್ನು ದೊಡ್ಡಕ್ಷರದ 'ಎಚ್' ಹಾಕಿ ಬಿಡುಗಡೆ ಮಾಡಿದೆವು. ಸ್ಪ್ಯಾಮ್ ಅಳಿಸಲು ನನಗೆ ಯಾವ ಹಿಂಜರಿಕೆಯೂ ಇಲ್ಲ. ನನ್ನ ತಕರಾರು ಅಳಿಸುವಾಗ ಹಾಕುವ 'ಆಲ್' ಎಂಬ ಪದದ ಬಗ್ಗೆ. ಆ ಪದವನ್ನು ದೊಡ್ಡಕ್ಷರದಲ್ಲೇ ಬರೆಯಬೇಕೆಂದು ಪೋಸ್ಟ್‌ಫಿಕ್ಸ್ ಹಟ ಹಿಡಿಯುತ್ತದೆ. ಬರೆದವರಿಗೂ ಅದರ ಭಯವಿತ್ತು ಎಂದೇ ನಾನು ಓದಿಕೊಳ್ಳುತ್ತೇನೆ.

ಹೀಗೆ ಆರಿಸುವಾಗ ಪತ್ರ ತೆರೆದು ನೋಡುವ ಆಸೆಗೆ ಬೀಳಬಾರದು. 'ಪೋಸ್ಟ್‌ಕ್ಯಾಟ್' ಆದೇಶಕ್ಕೆ ತಲೆಬರಹ ಮಾತ್ರ ತೋರಿಸುವ ಆಯ್ಕೆಯಿದೆ, ಅಷ್ಟು ಸಾಕು. ಒಳಗಿನ ಮಾತು ಓದುವುದು ಬೇರೆಯವರ ಲಕೋಟೆ ಒಡೆದಂತೆ.

ಸ್ಪ್ಯಾಮ್ ಅಲ್ಲದ, ಆದರೆ ತಲುಪುವ ಸಂಭವವೂ ಇಲ್ಲದ ಪತ್ರಗಳ ಗತಿಯೇನು? ಡೊಮೈನ್ ಹೆಸರಿನಲ್ಲಿ ಒಂದಕ್ಷರ ತಪ್ಪಿ, ಯಾರೂ ಬಾಗಿಲು ತೆರೆಯದ ವಿಳಾಸಕ್ಕೆ ಹೊರಟ ಪತ್ರದಂಥವು. ಇಲ್ಲೂ ಡಿಲೀಟ್ ಸಲ್ಲದು. ಪೋಸ್ಟ್‌ಸೂಪರ್‌ನಿಂದ ಅಳಿಸಿದರೆ ಕಳಿಸಿದವರಿಗೆ ಒಂದು ಸಾಲಿನ ಸೂಚನೆಯೂ ಹೋಗುವುದಿಲ್ಲ. ಅವರು ತಲುಪಿತೆಂದೇ ನಂಬಿರುತ್ತಾರೆ. ಕೇಂಬ್ರಿಜ್‌ನಲ್ಲಿ ಫಿಲಿಪ್ ಹೇಜಲ್ ಬರೆದ ಎಕ್ಸಿಮ್‌ನಲ್ಲಿ ಈ ಎರಡು ಕೆಲಸಗಳಿಗೆ ಬೇರೆ ಬೇರೆ ಆದೇಶಗಳು ಬಹುಕಾಲದಿಂದ ಇವೆ: ಸದ್ದಿಲ್ಲದೆ ತೆಗೆಯುವುದೊಂದು, ಕಳಿಸಿದವರಿಗೆ ತಿಳಿಸಿ ಕೈಬಿಡುವುದೊಂದು. ಪೋಸ್ಟ್‌ಫಿಕ್ಸ್‌ಗೂ 2020ರ 3.5ನೇ ಆವೃತ್ತಿಯಲ್ಲಿ 'ಪೋಸ್ಟ್‌ಸೂಪರ್ ಮೈನಸ್ ಇ' ಬಂದಿದೆ. ಅದು ಪತ್ರದ ಅವಧಿ ಮುಗಿಯಿತೆಂದು ಗುರುತು ಹಾಕುತ್ತದೆ, ಮುಂದಿನ ಪ್ರಯತ್ನದ ಹೊತ್ತಿಗೆ ಪತ್ರ ಕಳಿಸಿದವರಿಗೇ ಹಿಂದಿರುಗುತ್ತದೆ. ಆವೃತ್ತಿ ಬಂದು ವರ್ಷಗಳಾದರೂ ಆ 'ಇ' ಬಳಸುವವರನ್ನು ನಾನು ಕಂಡದ್ದು ಬಹಳ ಕಡಿಮೆ. ಅಳಿಸುವ 'ಡಿ' ಗೊತ್ತಿಲ್ಲದವರು ಯಾರೂ ಇಲ್ಲ.

ಹಾಗೆಂದು ಐದು ದಿನ ಸುಮ್ಮನೆ ಕೂರುವುದೂ ನ್ಯಾಯವಲ್ಲ. ಆಂಡರ್ಸನ್‌ಪೇಟೆಯ ಒಬ್ಬ ಹುಡುಗಿ ಸೋಮವಾರ ಕೆಲಸದ ಅರ್ಜಿ ಕಳಿಸಿದಳೆನ್ನಿ, ಕೊನೆಯ ದಿನ ಬುಧವಾರ. ಪತ್ರ ಕ್ಯೂನಲ್ಲಿ ನಿಂತರೆ ಅವಳಿಗೆ ಸುದ್ದಿ ಮುಟ್ಟುವುದು ಶನಿವಾರ. ತಡವಾಗುತ್ತಿದೆ ಎಂದು ನಡುವೆ ತಿಳಿಸುವ ವ್ಯವಸ್ಥೆ ಪೋಸ್ಟ್‌ಫಿಕ್ಸ್‌ನಲ್ಲಿ ಇದೆ, ಆದರೆ ನಾವಾಗಿ ಹೇಳುವವರೆಗೆ ಅದು ಸೊನ್ನೆಗೆ ನಿಂತಿರುತ್ತದೆ, ಅಂದರೆ ಕೆಲಸ ಮಾಡುವುದಿಲ್ಲ. 'ಡಿಲೇ ವಾರ್ನಿಂಗ್ ಟೈಮ್' ಎಂಬ ಆ ಸಾಲಿಗೆ ನಾಲ್ಕು ಗಂಟೆ ಎಂದು ಬರೆದರೆ ಅವಳಿಗೆ ಸೋಮವಾರವೇ ಸುದ್ದಿ ಸಿಗುತ್ತದೆ, ಬೇರೆ ದಾರಿ ಹುಡುಕಲು ಎರಡು ದಿನ ಉಳಿಯುತ್ತದೆ.

ಕೋಲಾರ ಜಿಲ್ಲೆಯ ಕಾಲೇಜು, ಸಹಕಾರ ಸಂಘ, ಸಣ್ಣ ಕಾರ್ಖಾನೆಗಳ ಸರ್ವರ್ ನೋಡಿಕೊಳ್ಳುತ್ತಿರುವ ತಮ್ಮ ತಂಗಿಯರಲ್ಲಿ ನನ್ನ ಕೇಳಿಕೆ ಇಷ್ಟು. ಇವತ್ತು ರಾತ್ರಿ ಮನೆಗೆ ಹೊರಡುವ ಮುನ್ನ ಒಮ್ಮೆ ಮೇಲ್‌ಕ್ಯೂ ಹಾಕಿ, ಆವರಣದೊಳಗಿನ ಮಾತುಗಳನ್ನು ಒಂದೊಂದಾಗಿ ಓದಿ. ಆಮೇಲೆ ಮುಖ್ಯ ಸಂರಚನೆಯ ಕಡತ ತೆರೆದು ಆ ನಾಲ್ಕು ಗಂಟೆಯ ಸಾಲು ಸೇರಿಸಿ.