ನಾದವನ್ನು ಅಡಗಿಸುವ ಕಲೆ

ಕೊಟ್ಟೂರಿನ ಗುಡಿಯ ಜಾಗಟೆ ಕೇಳುತ್ತ ಬೆಳೆದ ನನ್ನ ಕಿವಿಗೆ ಜಾಝ್‌ನ ವೈಬ್ರಫೋನು ಪರಕೀಯವೆನ್ನಿಸಲಿಲ್ಲ. ಸಾಲಾಗಿ ಜೋಡಿಸಿದ ಲೋಹದ ಪಟ್ಟಿಗಳು. ಪಟ್ಟಿಗೊಂದರಂತೆ ಕೆಳಗೆ ಕೊಳವೆ. ಕೊಳವೆಯ ಬಾಯಲ್ಲಿ ವಿದ್ಯುತ್ತಿನಿಂದ ತಿರುಗುವ ಬಿಲ್ಲೆ. ಅದರಿಂದ ಹುಟ್ಟುವ ಅಲೆಯನ್ನು ಕೆಲವರು ಗಮಕವೆಂದು ಮೆಚ್ಚುವುದುಂಟು. ನಾನು ಒಪ್ಪಲಾರೆ. ಗಮಕದಲ್ಲಿ ಸ್ವರವೇ ಬಾಗುತ್ತದೆ; ಇಲ್ಲಿ ಏರಿಳಿಯುವುದು ಬರಿಯ ದನಿಯ ಗಾತ್ರ.

ಹಾಗಾದರೆ ಈ ವಾದ್ಯದ ಹಿರಿಮೆ ಎಲ್ಲಿದೆ? 1930ರಲ್ಲಿ ಲೂಯಿ ಆರ್ಮ್‌ಸ್ಟ್ರಾಂಗರ ಧ್ವನಿಮುದ್ರಣದಲ್ಲಿ ಇದನ್ನು ನುಡಿಸಿದ ಲಯೊನೆಲ್ ಹ್ಯಾಂಪ್ಟನ್ನರು ಚುರುಕಿನಿಂದ ಕೇಳುಗರನ್ನು ಗೆದ್ದರು. ಮಿಲ್ಟ್ ಜಾಕ್ಸನ್ನರು ಬಿಲ್ಲೆಯ ವೇಗವನ್ನು ತಗ್ಗಿಸಿ, ಒಂದೊಂದು ಸ್ವರಕ್ಕೂ ಉಸಿರಾಡಲು ಎಡೆಗೊಟ್ಟರು. ಅವರ ‘ಬ್ಯಾಗ್ಸ್ ಗ್ರೂವ್’ ಕೇಳಿದವರಿಗೆ ಇದು ತಿಳಿದೇ ಇದೆ. ನನ್ನ ಮೆಚ್ಚುಗೆ ಜಾಕ್ಸನ್ನರಿಗೆ.

ಅದಕ್ಕೆ ಕಾರಣ ನನ್ನ ಸಾಧನೆಯ ಪಾಡು. ಪೆಡಲು ಒತ್ತಿದರೆ ನಾದ ಉಳಿಯುತ್ತದೆ, ಬಿಟ್ಟರೆ ಅಡಗುತ್ತದೆ. ಮೊದಮೊದಲು ನಾನು ಬಿಡದೆ ಒತ್ತಿ ಓಡಿದೆ. ಸ್ವರದ ಮೇಲೆ ಸ್ವರ ಬಿದ್ದು ಗದ್ದಲವಾಯಿತು. ಊರಿನ ಜಾಗಟೆಯವನು ಕೊನೆಯ ಪೆಟ್ಟಿನ ಬಳಿಕ ಅಂಗೈಯೊತ್ತಿ ನಾದವನ್ನು ತಡೆಯುತ್ತಿದ್ದುದು ಆಗ ನೆನಪಾಯಿತು. ಬಾರಿಸುವುದನ್ನು ಯಾರೂ ಕಲಿತಾರು. ಯಾವ ಸ್ವರವನ್ನು ಎಲ್ಲಿ ಅಡಗಿಸಬೇಕೆಂಬ ವಿವೇಕವೇ ವಿದ್ವತ್ತು. ನಾನಿನ್ನೂ ಅದರ ವಿದ್ಯಾರ್ಥಿ.