ಬೇಡವೆಂದರೂ ಬಿಡದ ಉಪಕಾರ

ರಸ್ತೆ ದಾಟುತ್ತಿದ್ದ ಬೆಕ್ಕೊಂದು ಇನ್ನೇನು ಲಾರಿಯಡಿ ಸಿಕ್ಕಬೇಕು, ಅಷ್ಟರಲ್ಲಿ ಹೈಸ್ಕೂಲಿನ ಹುಡುಗಿಯೊಬ್ಬಳು ಓಡಿಹೋಗಿ ಅದನ್ನು ಉಳಿಸುತ್ತಾಳೆ. ಬೆಕ್ಕು ಎರಡು ಕಾಲ ಮೇಲೆ ಎದ್ದು ನಿಂತು, ಮೈಮೇಲಿನ ಧೂಳು ಕೊಡವಿ, ಮನುಷ್ಯರ ಮಾತಿನಲ್ಲೇ ಅವಳಿಗೆ ವಂದನೆ ಹೇಳಿ ಹೊರಟುಹೋಗುತ್ತದೆ. ಹುಡುಗಿಯ ಕಷ್ಟ ಶುರುವಾಗುವುದು ಅಲ್ಲಿಂದ. ಜಪಾನಿನ ಸ್ಟುಡಿಯೋ ಜಿಬ್ಲಿ 2002ರಲ್ಲಿ ತೆರೆಗೆ ತಂದ ‘ದ ಕ್ಯಾಟ್ ರಿಟರ್ನ್ಸ್’ ಹೀಗೆ ಹೊರಡುತ್ತದೆ. ಉಪಕಾರ ತೀರಿಸಲು ಬರುವ ಪ್ರಾಣಿಯ ಕಥೆ ಜಪಾನಿಗೆ ಹೊಸದಲ್ಲ. ತನ್ನನ್ನು ಉಳಿಸಿದವನ ಮನೆಗೆ ಹೆಣ್ಣಿನ ರೂಪದಲ್ಲಿ ಬಂದು, ತನ್ನ ಗರಿಯನ್ನೇ ಕಿತ್ತು ಬಟ್ಟೆ ನೇಯ್ದುಕೊಡುವ ಕೊಕ್ಕರೆಯ ಜನಪದ ಕಥೆ ಅಲ್ಲಿ ಮನೆಮಾತು. ಆ ಕಥೆಯಲ್ಲಿ ನೋಯುವುದು ಋಣ ತೀರಿಸುವ ಕೊಕ್ಕರೆ. ಈ ಚಿತ್ರದಲ್ಲಿ ನೋಯುವವಳು ಉಪಕಾರ ಮಾಡಿದವಳೇ. ಚಿತ್ರದ ಹೊಸತನ ಈ ತಿರುವಿನಲ್ಲಿದೆ. ಆ ಹೊಸತನವನ್ನು ಅದು ಕೊನೆಯವರೆಗೂ ಕಾಪಾಡಿಕೊಂಡಿತೇ ಎಂಬುದೇ ನನ್ನ ತಕರಾರು.

ಈ ಚಿತ್ರ ದೊಡ್ಡದಾಗಬೇಕೆಂದು ಹುಟ್ಟಿದ್ದಲ್ಲ. ಥೀಮ್ ಪಾರ್ಕ್ ಒಂದು ಬೆಕ್ಕುಗಳ ಬಗ್ಗೆ ಇಪ್ಪತ್ತು ನಿಮಿಷದ ಕಿರುಚಿತ್ರ ಬೇಕೆಂದು ಜಿಬ್ಲಿಯನ್ನು ಕೇಳಿತ್ತು, ಆಮೇಲೆ ಹಿಂದೆ ಸರಿಯಿತು. ಜಿಬ್ಲಿಯ ಹಿರಿಯ ನಿರ್ದೇಶಕ ಹಯಾವೊ ಮಿಯಾಜಾಕಿ ಆ ಯೋಜನೆಯನ್ನು ಕೈಬಿಡದೆ ಹೊಸ ನಿರ್ದೇಶಕರನ್ನು ಪಳಗಿಸಲು ಬಳಸಿಕೊಂಡರು. ಅವೊಯಿ ಹೀರಾಗಿ ಅವರಿಂದ ಬರೆಸಿದ ಮಾಂಗಾವನ್ನು (ಜಪಾನಿ ಕಾಮಿಕ್ಸ್) ಹಿರೊಯುಕಿ ಮೊರಿತಾ ಎಂಬ ಆ್ಯನಿಮೇಟರ್ ಒಂಬತ್ತು ತಿಂಗಳಲ್ಲಿ 525 ಪುಟಗಳ ಸ್ಟೋರಿಬೋರ್ಡ್ ಆಗಿ ಬೆಳೆಸಿದರು. ಅದನ್ನು ನೋಡಿದ ಮಿಯಾಜಾಕಿ ಮತ್ತು ನಿರ್ಮಾಪಕ ತೊಶಿಯೊ ಸುಜುಕಿ ಮೊರಿತಾ ನಿರ್ದೇಶನದಲ್ಲೇ ಪೂರ್ಣಪ್ರಮಾಣದ ಚಿತ್ರಕ್ಕೆ ಒಪ್ಪಿದರು. ಹಾಗೆ ಒಪ್ಪಿದರೂ ಅದರ ಅವಧಿ 75 ನಿಮಿಷ. ಚಿತ್ರಮಂದಿರಗಳಲ್ಲಿ ಜೊತೆಗೊಂದು ಕಿರುಚಿತ್ರವನ್ನೂ ಸೇರಿಸಿ ತೋರಿಸಿದರು. ಹಿಂದಿನ ವರ್ಷವಷ್ಟೇ ಮಿಯಾಜಾಕಿಯ ‘ಸ್ಪಿರಿಟೆಡ್ ಅವೇ’ ಬಂದಿತ್ತು. ಅದರ ನೆರಳಲ್ಲಿ ಬಂದದ್ದಕ್ಕೆ ಇದನ್ನು ‘ಸಣ್ಣ ಜಿಬ್ಲಿ’ ಎಂದು ಬದಿಗಿಡುವ ವಾಡಿಕೆ ಬೆಳೆದಿದೆ. ಆ ವರ್ಷ ಜಪಾನಿನಲ್ಲಿ ತಯಾರಾದ ಚಿತ್ರಗಳ ಪೈಕಿ ಗಳಿಕೆಯಲ್ಲಿ ಮೊದಲ ಸ್ಥಾನ ಇದರದೇ ಆಗಿದ್ದರೂ ಆ ಹೆಸರು ಹೋಗಲಿಲ್ಲ. ಸಣ್ಣದು ನಿಜ. ಆದರೆ ಅದರ ಮೊದಲ ಅರ್ಧ ಗಂಟೆಯಷ್ಟು ಚುರುಕಾದ ಹಾಸ್ಯ ಜಿಬ್ಲಿಯ ದೊಡ್ಡ ಚಿತ್ರಗಳಲ್ಲೂ ಅಪರೂಪ.

ಬೆಕ್ಕನ್ನು ಉಳಿಸುವ ದೃಶ್ಯವನ್ನೇ ನೋಡಿ. ಹುಡುಗಿಯ ಹೆಸರು ಹರು. ಬೆಳಿಗ್ಗೆ ತಡವಾಗಿ ಏಳುವವಳು, ಕ್ಲಾಸಿಗೆ ತಡವಾಗಿ ಹೋಗಿ ಎಲ್ಲರ ನಗೆಗೆ ಗುರಿಯಾಗುವವಳು, ಮೆಚ್ಚಿದ ಹುಡುಗನ ಮುಂದೆ ಬಾಯಿ ಬಿಡಲಾರದವಳು. ಬಾಯಲ್ಲಿ ಪುಟ್ಟ ಪೊಟ್ಟಣ ಕಚ್ಚಿಕೊಂಡು ಬೆಕ್ಕೊಂದು ರಸ್ತೆಗಿಳಿಯುತ್ತದೆ. ಪೊಟ್ಟಣ ಜಾರಿ ಬೀಳುತ್ತದೆ. ಅದನ್ನು ಎತ್ತಿಕೊಳ್ಳಲು ಬೆಕ್ಕು ನಡುರಸ್ತೆಯಲ್ಲೇ ನಿಲ್ಲುತ್ತದೆ. ಹರು ಗೆಳತಿ ಹಿರೊಮಿಯ ಲಕ್ರಾಸ್ ಸ್ಟಿಕ್ ಕಸಿದುಕೊಂಡು ಧುಮುಕುತ್ತಾಳೆ, ಬೆಕ್ಕನ್ನು ಅದರ ಬಲೆಯಲ್ಲಿ ಬಾಚಿ ಆಚೆ ಬದಿಗೆ ಉರುಳುತ್ತಾಳೆ. ಯೋಚನೆಗೆ ಅಲ್ಲಿ ಪುರಸೊತ್ತಿಲ್ಲ, ಪ್ರತಿಫಲದ ಮಾತಂತೂ ದೂರ. ಸ್ಟಿಕ್ ಮುರಿಯುತ್ತದೆ, ಬೆಕ್ಕು ಉಳಿಯುತ್ತದೆ, ಅಷ್ಟೆ. ಲೆಕ್ಕವಿಡದ ಇಂಥ ಉಪಕಾರಕ್ಕೆ ಎದುರಾಗಿ ಲೆಕ್ಕಪತ್ರ ಸಮೇತ ಬರುವ ಪ್ರತ್ಯುಪಕಾರವನ್ನು ಚಿತ್ರ ನಿಲ್ಲಿಸುತ್ತದೆ.

ಉಳಿದ ಬೆಕ್ಕು ಬೆಕ್ಕುಗಳ ರಾಜ್ಯದ ಯುವರಾಜ ಲೂನ್. ಅದೇ ರಾತ್ರಿ ಬೆಕ್ಕುಗಳ ದೊರೆ ಪರಿವಾರ ಸಮೇತ ಹರುವಿನ ಮನೆಯ ಮುಂದಿನ ಬೀದಿಗೆ ಬರುತ್ತಾನೆ. ಇದು ಚಿತ್ರದ ಅತ್ಯುತ್ತಮ ದೃಶ್ಯ. ನಿರ್ಜನ ಬಡಾವಣೆಯ ಸಾಧಾರಣ ರಸ್ತೆ, ಅದರಲ್ಲಿ ಹಿಂಗಾಲ ಮೇಲೆ ನಡೆದುಬರುವ ಬೆಕ್ಕುಗಳ ಮೆರವಣಿಗೆ, ಸುತ್ತಲೂ ಗಂಭೀರವಾಗಿ ಕಣ್ಣಾಡಿಸುವ ಅಂಗರಕ್ಷಕರು, ನಡುವೆ ಕೆದರಿದ ಕೂದಲಿನ ಮುದಿ ದೊರೆ. ಮೊರಿತಾ ಇಲ್ಲಿ ಅದ್ಭುತವನ್ನು ಅದ್ಭುತವೆಂಬಂತೆ ತೋರಿಸುವುದಿಲ್ಲ. ಸರ್ಕಾರಿ ಸಮಾರಂಭವೊಂದರ ಶಿಷ್ಟಾಚಾರದಂತೆ ಎಲ್ಲವೂ ನಡೆಯುತ್ತದೆ. ಕಾರ್ಯದರ್ಶಿ ಬೆಕ್ಕು ಸುರುಳಿಯೊಂದನ್ನು ಹರುವಿನ ಕೈಗಿಡುತ್ತದೆ. ಅವಳಿಗೆ ಸಲ್ಲಲಿರುವ ಬಹುಮಾನಗಳೆಲ್ಲ ಅದರಲ್ಲಿವೆ. ಅವಳು ಬೇಕೆನ್ನಲೂ ಇಲ್ಲ, ಬೇಡವೆನ್ನಲೂ ಇಲ್ಲ. ಅವಳನ್ನು ಯಾರೂ ಕೇಳುವುದೇ ಇಲ್ಲ.

ಮರುದಿನ ಬಹುಮಾನಗಳು ಬರತೊಡಗುತ್ತವೆ. ಮನೆಯಂಗಳದ ತುಂಬ ಬೆಕ್ಕುಗಳು ಆಡಿಕೊಳ್ಳುವಂಥ ತೆನೆಹುಲ್ಲು. ಜೇಬಿನಲ್ಲಿ ಬೆಕ್ಕುಗಳಿಗೆ ಅಮಲೇರಿಸುವ ಗಿಡಮೂಲಿಕೆ. ಊರ ಬೆಕ್ಕುಗಳೆಲ್ಲ ಶಾಲೆಯವರೆಗೂ ಅವಳ ಬೆನ್ನು ಹತ್ತುತ್ತವೆ. ಶಾಲೆಯಲ್ಲಿ ಚಪ್ಪಲಿಯಿಡುವ ಗೂಡು ತೆರೆದರೆ ಪೆಟ್ಟಿಗೆಗಳಲ್ಲಿ ಜೀವಂತ ಇಲಿಗಳು. ಮುರಿದದ್ದು ಒಂದೇ ಸ್ಟಿಕ್, ಹಿರೊಮಿಯ ಮನೆಗೆ ಬಂದಿಳಿಯುವುದು ಸ್ಟಿಕ್ಕುಗಳ ರಾಶಿ. ಕಡೆಯ ಬಹುಮಾನ ಯುವರಾಜನೊಂದಿಗೆ ಮದುವೆ. ಕೊಡುವವರಿಗೆ ಪ್ರಿಯವಾದದ್ದೆಲ್ಲ ಪಡೆಯುವವರಿಗೂ ಪ್ರಿಯವಾಗಿರಲೇಬೇಕು ಎಂಬ ಭ್ರಮೆಯನ್ನು ಇಷ್ಟು ಮೋಜಿನಿಂದ ಲೇವಡಿ ಮಾಡಿದ ಮಕ್ಕಳ ಚಿತ್ರ ಇನ್ನೊಂದು ನನ್ನ ನೆನಪಿಗೆ ಬರುತ್ತಿಲ್ಲ. ದೊರೆ ಕೆಟ್ಟವನೇನಲ್ಲ, ಉದಾರಿ. ಆದರೆ ಅವನ ಔದಾರ್ಯಕ್ಕೆ ಕಣ್ಣಿಲ್ಲ. ಅಧಿಕಾರ ಇರುವವರ ಕೃಪೆ ಹೇಗೆ ಆಜ್ಞೆಯಾಗಿಬಿಡುತ್ತದೆ ಎಂಬುದನ್ನು ಎಂಟು ವರ್ಷದ ಮಗುವಿಗೂ ಅರ್ಥವಾಗುವಂತೆ ಈ ಭಾಗ ಹೇಳುತ್ತದೆ.

ಇದಕ್ಕೆ ಎದುರಾಗಿ ಚಿತ್ರದಲ್ಲಿ ಇನ್ನೊಂದು ಬಗೆಯ ಕೊಡುಗೆಯೂ ಇದೆ, ಮೊದಲ ನೋಟಕ್ಕೆ ಕಣ್ತಪ್ಪಿಹೋಗುವಷ್ಟು ಮೆಲ್ಲಗೆ. ಹರು ಚಿಕ್ಕವಳಿದ್ದಾಗ ಹಸಿದ ಬಿಳಿ ಮರಿಯೊಂದಕ್ಕೆ ಮೀನಿನಾಕಾರದ ಬಿಸ್ಕತ್ತು ತಿನ್ನಿಸಿದ್ದಳು. ಆ ಮರಿಯೇ ಬೆಳೆದು ಅರಮನೆಯ ಊಳಿಗದ ಯೂಕಿಯಾಗಿದೆ. ಹರು ಸಂಕಟದಲ್ಲಿದ್ದಾಗ ನೆರವಿಗೆ ‘ಬೆಕ್ಕುಗಳ ಕಚೇರಿ’ಯನ್ನು ಹುಡುಕು ಎಂದು ಹೇಳುವ ಅದೃಶ್ಯ ದನಿ ಅವಳದೇ. ಯೂಕಿಯೂ ಋಣ ತೀರಿಸುತ್ತಿದ್ದಾಳೆ. ಆದರೆ ತನಗಿಷ್ಟವಾದದ್ದನ್ನು ಹೇರಿ ಅಲ್ಲ, ಹರುವಿಗೆ ಆಗ ಬೇಕಾದದ್ದನ್ನು ಕೊಟ್ಟು. ಇನ್ನು ಲೂನ್ ಲಾರಿಯೆದುರು ಪ್ರಾಣದ ಹಂಗು ತೊರೆದು ಎತ್ತಿಕೊಳ್ಳಲು ಹೋದ ಆ ಪೊಟ್ಟಣದಲ್ಲಿದ್ದದ್ದೂ ಅದೇ ಬಿಸ್ಕತ್ತು; ಯೂಕಿಯನ್ನು ಮದುವೆಗೆ ಕೇಳಲು ಅವನು ತಂದ ಉಡುಗೊರೆ. ಅಪ್ಪ ಪಟ್ಟಿ ಮಾಡಿ ಕೊಡುತ್ತಾನೆ, ಮಗ ಎದುರಿನವಳ ಇಷ್ಟವನ್ನು ಅರಿತು ಕೊಡುತ್ತಾನೆ. ರೇಕೊ ಯೋಶಿದಾ ಅವರ ಚಿತ್ರಕಥೆಯ ನಿಜವಾದ ಜಾಣ್ಮೆ ಇದು. ಒಂದು ಬಿಸ್ಕತ್ತಿನ ಎಳೆ ಹಿಡಿದು ಹೊರಟರೆ ಇಡೀ ಚಿತ್ರ ಬಿಚ್ಚಿಕೊಳ್ಳುತ್ತದೆ.

ಕಚೇರಿಯ ದೃಶ್ಯಗಳಲ್ಲಿ ಮೊರಿತಾ ಜಿಬ್ಲಿಯ ಹಳೆಯ ಬಂಡವಾಳವನ್ನು ಚೆನ್ನಾಗಿ ದುಡಿಸಿದ್ದಾರೆ. ಅಲ್ಲಿನ ಯಜಮಾನ ಬ್ಯಾರನ್, ಸೂಟು ಹ್ಯಾಟು ತೊಟ್ಟ ಬೆಕ್ಕಿನ ಬೊಂಬೆ. ಹೀರಾಗಿಯವರದೇ ಮಾಂಗಾ ಆಧರಿಸಿ ಯೋಶಿಫುಮಿ ಕೊಂದೊ 1995ರಲ್ಲಿ ಮಾಡಿದ ‘ವಿಸ್ಪರ್ ಆಫ್ ದ ಹಾರ್ಟ್’ ಚಿತ್ರದಲ್ಲಿ ಇವನು ಹಳೆಯ ವಸ್ತುಗಳ ಅಂಗಡಿಯಲ್ಲಿ ಕುಳಿತಿದ್ದ. ಬರಹಗಾರ್ತಿಯಾಗಬಯಸುವ ಶಿಜುಕು ಎಂಬ ಹುಡುಗಿಯ ಕಲ್ಪನೆಯಲ್ಲಿ ಜೀವ ತಳೆದಿದ್ದ. ಈಗಿನ ಚಿತ್ರ ಅದೇ ಶಿಜುಕು ಬರೆದಿರಬಹುದಾದ ಕಥೆ ಎಂಬುದು ಇದರ ಹಿಂದಿನ ಕಲ್ಪನೆ. ಆ ಹಿಂದಿನ ಚಿತ್ರ ನೋಡದವರಿಗೂ ತೊಡಕಿಲ್ಲ. ದಢೂತಿ ಬೆಕ್ಕು ಮುತಾನ ಹಿಂದೆ ಹರು ಗೋಡೆಯ ಮೇಲೆ, ಮಾಡಿನ ಮೇಲೆ, ಸಂದಿಗೊಂದಿಯಲ್ಲಿ ಏಗುತ್ತ ಹೋಗಿ, ಬೊಂಬೆಮನೆಗಳಂಥ ಕಟ್ಟಡಗಳ ಪುಟ್ಟ ಚೌಕಕ್ಕೆ ಬಂದು ನಿಲ್ಲುವ ಕ್ಷಣವೇ ಸಾಕು. ಇಳಿಹೊತ್ತಿನ ಬೆಳಕು ಬಿದ್ದಾಗ ಬೊಂಬೆಯ ಕಣ್ಣಿಗೆ ಜೀವ ಬರುತ್ತದೆ, ಕಲ್ಲಿನ ಕಾಗೆ ತೊತೊ ರೆಕ್ಕೆ ಬಿಚ್ಚುತ್ತದೆ.

ಚಿತ್ರಣದ ಬಗ್ಗೆ ಒಂದು ಮಾತು. ಸತೊಕೊ ಮೊರಿಕಾವಾ ರೂಪಿಸಿದ ಪಾತ್ರಗಳು ಮಿಯಾಜಾಕಿಯ ದುಂಡು ಮುಖಗಳಿಗಿಂತ ಸಪೂರ. ಗೆರೆ ತೆಳು, ನೆರಳು ಕಡಿಮೆ. ಕೆಲವರಿಗೆ ಇದು ಟಿವಿ ಸರಣಿಯ ಮಟ್ಟದ್ದೆನಿಸಿದೆ. ಆ ಆಕ್ಷೇಪ ನನಗೆ ಒಪ್ಪಿಗೆಯಿಲ್ಲ. ಹರುವಿನ ಮೈ ಮಾತಾಡುತ್ತದೆ. ಸಂಕೋಚಕ್ಕೆ ಹೆಗಲು ಮುದುಡುವುದು, ಎಡವುವ ಮೊದಲು ಕಾಲು ತಡವರಿಸುವುದು, ಪಶ್ಚಾತ್ತಾಪವಾದಾಗ ಇಡೀ ದೇಹ ಹಾಸಿಗೆಗೆ ಬೀಳುವುದು, ಇವೆಲ್ಲ ಆ ಹಗುರ ಗೆರೆಯಲ್ಲೇ ಚೆನ್ನಾಗಿ ಮೂಡಿವೆ. ತೊಡಕಿರುವುದು ದೊರೆಯ ಕಡೆಯವರು ಹರುವನ್ನು ಹೊತ್ತೊಯ್ಯುವ ಬೆಕ್ಕುಗಳ ರಾಜ್ಯದಲ್ಲಿ. ಹಸಿರು ಬಯಲು, ಸದಾ ಹಗಲು, ನೀಲಿ ಆಕಾಶ, ಕೋಟೆ. ನೋಡಲು ಚಂದ, ಆದರೆ ಯಾರೂ ಬದುಕುತ್ತಿರುವ ಊರಿನಂತೆ ಕಾಣದು. ‘ಸ್ಪಿರಿಟೆಡ್ ಅವೇ’ಯ ಸ್ನಾನಗೃಹದಲ್ಲಿ ಯಾರು ಯಾವ ಕೆಲಸ ಮಾಡುತ್ತಾರೆ, ಎಲ್ಲಿ ಮಲಗುತ್ತಾರೆ, ಏನು ತಿನ್ನುತ್ತಾರೆ ಎಂಬುದೆಲ್ಲ ಗೊತ್ತಾಗುತ್ತದೆ. ಇಲ್ಲಿ ಅರಮನೆಯಾಚೆಗೆ ರಾಜ್ಯವೇ ಇಲ್ಲ.

ಅರಮನೆಯ ಔತಣದಲ್ಲಿ ಮಾತ್ರ ಚಿತ್ರ ಮತ್ತೆ ಕಚ್ಚುತ್ತದೆ. ಹರುವನ್ನು ನಗಿಸಲಾರದ ಕಲಾವಿದರನ್ನು ದೊರೆ ಕಿಟಕಿಯಿಂದಾಚೆ ಎಸೆಸುತ್ತಾನೆ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರೆಂಬ ಪ್ರಶ್ನೆ ಬೆಕ್ಕುಗಳ ಆಸ್ಥಾನದಲ್ಲೂ ಇದೆ. ತಿಂದುಂಡು ಮಲಗುವ ಬೆಕ್ಕಿನ ಬಾಳೇ ಮೇಲಲ್ಲವೇ ಎಂದು ಹರು ಒಂದು ಗಳಿಗೆ ಮೈಮರೆತದ್ದೇ ತಡ, ಅವಳಿಗೆ ಮೀಸೆ, ಕಿವಿ ಮೂಡುತ್ತವೆ. ಮನುಷ್ಯರ ಲೋಕದಲ್ಲಿ ಬೆಳಗಾಗುವುದರೊಳಗೆ ತಪ್ಪಿಸಿಕೊಳ್ಳದಿದ್ದರೆ ಅವಳು ಬೆಕ್ಕಾಗಿಯೇ ಉಳಿಯಬೇಕು. ಇದಕ್ಕೆ ತಕ್ಕ ಭಯವನ್ನು ಮೊರಿತಾ ಕಟ್ಟುವುದಿಲ್ಲ. ಆಮೇಲಿನದು ಓಟ, ಕತ್ತಿವರಸೆ, ಚಕ್ರವ್ಯೂಹ. ಚಕ್ರವ್ಯೂಹದ ಗೋಡೆಗಳನ್ನು ಬೆಕ್ಕುಗಳೇ ಹಿಡಿದು ನಿಂತು ಜಾಗ ಬದಲಿಸುತ್ತಿರುವುದು ಬಯಲಾಗುವ ತಮಾಷೆ ಚೆನ್ನಾಗಿದೆ. ಉಳಿದಂತೆ ಹರು ಬಹುಮಟ್ಟಿಗೆ ಬ್ಯಾರನ್ನನ ತೋಳಿನಲ್ಲಿ, ಮುತಾನ ಬೆನ್ನ ಹಿಂದೆ ಸಾಗುವ ಸರಕು.

ನನ್ನ ಮುಖ್ಯ ಆಕ್ಷೇಪಗಳು ಎರಡು. ನಿನ್ನ ಬಾಳು ನಿನ್ನದಾಗಿರಲಿ, ಆಗ ಹೆದರಬೇಕಾದ್ದಿಲ್ಲ ಎಂಬ ಬುದ್ಧಿಮಾತನ್ನು ಬ್ಯಾರನ್ ಕಥೆಯ ನಡುವೆಯೇ ಬಾಯಿಬಿಟ್ಟು ಹೇಳುತ್ತಾನೆ. ಮುಂದೆ ನಡೆಯುವುದೆಲ್ಲ ಆ ಮಾತಿಗೆ ಉದಾಹರಣೆಯಂತೆ ಕಾಣತೊಡಗುತ್ತದೆ. ಹರು ತಾನಾಗಿ ಕಂಡುಕೊಳ್ಳಬೇಕಾದ್ದನ್ನು ಅವಳಿಗೆ ಮೊದಲೇ ಕಲಿಸಿಬಿಟ್ಟಂತಾಗಿದೆ. ಎರಡನೆಯದು ಇದಕ್ಕಿಂತ ದೊಡ್ಡದು. ಚಿತ್ರದ ಇಡೀ ತಾತ್ಪರ್ಯವನ್ನು ಹೊತ್ತಿರುವ ಯೂಕಿಗೆ ಸಿಕ್ಕಿರುವ ಜಾಗ ಬೊಗಸೆಯಷ್ಟು. ಆಡಂಬರದ ದೊರೆಗೆ ದೃಶ್ಯದ ಮೇಲೆ ದೃಶ್ಯ ಸಿಕ್ಕರೆ, ಸದ್ದಿಲ್ಲದೆ ಋಣ ತೀರಿಸಿದವಳಿಗೆ ಎಚ್ಚರಿಕೆಯ ಒಂದೆರಡು ಮಾತು, ಕೊನೆಗೆ ಮದುವೆಯ ಮಾತುಕತೆಯಲ್ಲೊಂದು ನಾಚಿಕೆ. ಹರು ಮತ್ತು ಯೂಕಿ ಎದುರುಬದುರು ಕುಳಿತು ಮಾತಾಡುವ ಬಿಡುವಿನ ದೃಶ್ಯವೊಂದು ಇದ್ದಿದ್ದರೆ ಬಿಸ್ಕತ್ತಿನ ಗುಟ್ಟಿಗೆ ಎರಡರಷ್ಟು ತೂಕ ಬರುತ್ತಿತ್ತು. 75 ನಿಮಿಷದ ಚಿತ್ರದಲ್ಲಿ ಅದಕ್ಕೆ ಸಮಯವಿರಲಿಲ್ಲ ಎನ್ನುವಂತಿಲ್ಲ, ಕತ್ತಿವರಸೆಗೆ ಸಮಯವಿತ್ತಲ್ಲ.

ಹಾಗಿದ್ದೂ ಹರುವಿನ ಪಾಲಿಗೆ ಒಂದು ಗಳಿಗೆ ದಕ್ಕುತ್ತದೆ. ಮಗ ಯೂಕಿಯನ್ನು ವರಿಸಲಿದ್ದಾನೆಂದು ತಿಳಿದ ದೊರೆ, ಹಾಗಾದರೆ ನಾನೇ ನಿನ್ನನ್ನು ಮದುವೆಯಾಗುತ್ತೇನೆ ಎನ್ನುತ್ತಾನೆ. ಸುರುಳಿ ಕೈಗಿಟ್ಟಾಗ ಬಾಯಿ ಕಟ್ಟಿ ನಿಂತಿದ್ದ ಹುಡುಗಿ ಈಗ ಸಾಧ್ಯವೇ ಇಲ್ಲವೆಂದು ಗಂಟಲು ಬಿಚ್ಚಿ ಹೇಳುತ್ತಾಳೆ. ನಗು ಬರುವ ಸಂದರ್ಭ, ಆದರೆ ಕಥೆಯ ನಿಜವಾದ ತಿರುವು ಇದೇ. ಆಮೇಲೆ ಆ ರಾಜ್ಯದಿಂದ ಪಾರಾಗಿ ಆಕಾಶದಿಂದ ಬೀಳುತ್ತಿರುವ ಹರು ಮತ್ತು ಸಂಗಡಿಗರಿಗೆ ತೊತೊ ಕರೆತಂದ ಕಾಗೆಗಳ ಹಿಂಡು ಮೆಟ್ಟಿಲಾಗುತ್ತದೆ. ನಸುಕಿನ ಪಟ್ಟಣದ ಮೇಲೆ ಆ ಕಪ್ಪು ಮೆಟ್ಟಿಲುಗಳನ್ನು ಹರು ಇಳಿಯುತ್ತ ಬಂದು ಶಾಲೆಯ ತಾರಸಿ ಮುಟ್ಟುತ್ತಾಳೆ. ಅದುವರೆಗೆ ಹೊತ್ತೊಯ್ಯಿಸಿಕೊಂಡವಳು ಇಲ್ಲಿ ತನ್ನ ಕಾಲ ಮೇಲೆ ನಡೆಯುತ್ತಾಳೆ. ಯೂಜಿ ನೋಮಿಯವರ ಸಂಗೀತ ಈ ದೃಶ್ಯಕ್ಕೆ ಅಡ್ಡ ಬರದಷ್ಟು ಹದವಾಗಿದೆ.

ಜಪಾನಿ ಧ್ವನಿಯಲ್ಲೇ ನೋಡುವುದು ಮೇಲು. ಹಿರಿಯ ನಟ ತೆತ್ಸುರೊ ತಂಬಾ ದೊರೆಯ ಮಾತಿನಲ್ಲಿ ಸೋಮಾರಿತನವನ್ನೂ ದರ್ಪವನ್ನೂ ಒಟ್ಟಿಗೆ ತುಂಬಿದ್ದಾರೆ. ಇಂಗ್ಲಿಷ್ ಆವೃತ್ತಿಯಲ್ಲಿ ಆ್ಯನ್ ಹ್ಯಾಥವೇ ಹರುವಾಗಿ, ಟಿಮ್ ಕರಿ ದೊರೆಯಾಗಿ ದನಿ ಕೊಟ್ಟಿದ್ದಾರೆ. ಸಬ್‌ಟೈಟಲ್ ಓದಲಾಗದ ಮಕ್ಕಳಿಗೆ ಅದೂ ನಡೆಯುತ್ತದೆ.

ಕೊನೆಯಲ್ಲಿ ಹರುವಿಗೆ ರಾಜಕುಮಾರನೂ ಸಿಗುವುದಿಲ್ಲ, ಮೆಚ್ಚಿದ ಹುಡುಗನೂ ಸಿಗುವುದಿಲ್ಲ. ಅವನ ಸುದ್ದಿ ಬಂದಾಗ ಅವಳಿಗೆ ಅದು ಮೊದಲಿನಷ್ಟು ಮುಖ್ಯವೆನಿಸುವುದಿಲ್ಲ. ಬದಲಾವಣೆ ಇಷ್ಟೇ: ಬೆಳಿಗ್ಗೆ ಬೇಗ ಏಳುತ್ತಾಳೆ, ತನ್ನ ಚಹಾ ತಾನೇ ಮಾಡಿಕೊಳ್ಳುತ್ತಾಳೆ. ಮಿಯಾಜಾಕಿಯ ಆಳವನ್ನು ಇಲ್ಲಿ ಹುಡುಕಿದವರಿಗೆ ನಿರಾಸೆ ಖಂಡಿತ. ಆದರೆ ‘ಕೊಟ್ಟದ್ದನ್ನು ಸುಮ್ಮನೆ ತಗೋ, ಬೇಡ ಅನ್ನಬಾರದು’ ಎಂದು ಮಕ್ಕಳಿಗೆ ಹೇಳಿ ಅಭ್ಯಾಸವಾದ ಮನೆಗಳಲ್ಲಿ, ಕೊಡುಗೆಯನ್ನು ವಿನಯದಿಂದ ನಿರಾಕರಿಸುವುದೂ ಒಂದು ಒಳ್ಳೆಯ ನಡತೆಯೇ ಎಂದು ತೋರಿಸುವ ಚಿತ್ರಗಳು ಹೆಚ್ಚಿಲ್ಲ. ಆ ಕಾರಣಕ್ಕೆ ಇದನ್ನು ಮಕ್ಕಳಿಗೆ ತೋರಿಸಬೇಕು. ದೊರೆಯ ಪಟ್ಟಿ ಎಲ್ಲಿ ತಪ್ಪಿತು ಎಂದು ಆಮೇಲೆ ಅವರನ್ನೇ ಕೇಳಬೇಕು.